ಆಳದ ಬೇಸ್‌ಗೆ ಎಂಥ ಪೆಟ್ಟಿಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹೋಂ ಥಿಯೇಟರ್ ಸಬ್‌ವೂಫರ್ (ಆಳದ ಬೇಸ್‌ಗೆಂದೇ ಇರುವ ಸ್ಪೀಕರ್) ಪೆಟ್ಟಿಗೆಯನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ‘ಡ್ರೈವರ್’ ಎಂದಲ್ಲೆಲ್ಲ ಪೆಟ್ಟಿಗೆಯಿಲ್ಲದ ಬರಿಯ ಸ್ಪೀಕರ್ ಎಂದು ಓದಿಕೊಳ್ಳಿ.

ಪ್ರಶ್ನೆ: 12 ಇಂಚಿನ ಡ್ರೈವರ್‌ಗೆ ಬಡಗಿಯಿಂದ 30 ಲೀಟರಿನ ಮುಚ್ಚಿದ ಪೆಟ್ಟಿಗೆ ಮಾಡಿಸಿದ್ದೇನೆ. ಹಾಡಿನಲ್ಲಿ ಡ್ರಮ್ ಚೆನ್ನಾಗಿ ಬಡಿಯುತ್ತದೆ. ಸಿನಿಮಾದಲ್ಲಿ ಗುಡುಗು, ಸ್ಫೋಟ ಬಂದಾಗ ಮಾತ್ರ ಏನೂ ಇಲ್ಲ. ಆಂಪ್ಲಿಫೈಯರ್ 300 ವಾಟ್‌ನದು. 500 ವಾಟ್‌ನದು ಹಾಕಿದರೆ ಸರಿಹೋದೀತೆ? ಡ್ರೈವರ್ ಜೊತೆ ಬಂದ ಹಾಳೆಯಲ್ಲಿರುವುದು: ಎಫ್‌ಎಸ್ 25 ಹರ್ಟ್ಜ್, ಕ್ಯೂಟಿಎಸ್ 0.40, ವಿಎಎಸ್ 100 ಲೀಟರ್, ಎಕ್ಸ್‌ಮ್ಯಾಕ್ಸ್ 12 ಮಿ.ಮೀ. (ದಾವಣಗೆರೆ)

ಸರಿಹೋಗದು. 300ರಿಂದ 500 ವಾಟ್‌ಗೆ ಹೋದರೆ ಸಿಗುವುದು 2 ಡೆಸಿಬೆಲ್‌ಗಿಂತ ತುಸು ಹೆಚ್ಚು, ಅಷ್ಟೆ. ನಿಮ್ಮ ಕೊರತೆ ಅದರ ಐದಾರು ಪಟ್ಟು ಇದೆ. ಹಾಳೆಯ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡಿ ನೋಡಿ. ಎಫ್‌ಎಸ್ ಎಂದರೆ ಬರಿಯ ಡ್ರೈವರ್‌ನ ಕೋನ್ (ಸದ್ದು ಹೊರಡಿಸುವ ಶಂಕುವಿನಾಕಾರದ ಪದರ) ತಾನಾಗಿ ಕಂಪಿಸುವ ಆವರ್ತನ, ಅಂದರೆ ಅದರ ಅನುರಣನ. ಕ್ಯೂಟಿಎಸ್, ಆ ಕಂಪನಕ್ಕೆ ಎಷ್ಟು ಕಡಿವಾಣವಿದೆ ಎಂಬುದರ ಅಂಕಿ; ಅಂಕಿ ಹೆಚ್ಚಿದ್ದರೆ ಕಡಿವಾಣ ಕಡಿಮೆ. ವಿಎಎಸ್, ಕೋನನ್ನು ಹಿಡಿದಿರುವ ಭಾಗದಷ್ಟೇ ಗಡಸಾಗಿ ವರ್ತಿಸುವ ಗಾಳಿಯ ಗಾತ್ರ. ಎಕ್ಸ್‌ಮ್ಯಾಕ್ಸ್, ಕೋನ್ ಒಂದು ದಿಕ್ಕಿಗೆ ಸರಿಯಾಗಿ ಓಡಬಲ್ಲ ದೂರ.

ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಕೋನ್‌ನ ಬೆನ್ನಿಗೆ ಸ್ಪ್ರಿಂಗ್‌ನಂತೆ ನಿಲ್ಲುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗ್ ಗಟ್ಟಿ, ಡ್ರೈವರ್‌ನ ಅನುರಣನ ಮೇಲಕ್ಕೆ ಏರುತ್ತದೆ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರ್‌ನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. 100 ÷ 30 + 1 = 4.33, ಅದರ ವರ್ಗಮೂಲ 2.08. ಇದರಿಂದ ಎಫ್‌ಎಸ್ ಅನ್ನು ಗುಣಿಸಿದರೆ 52 ಹರ್ಟ್ಜ್, ಕ್ಯೂಟಿಎಸ್ ಅನ್ನು ಗುಣಿಸಿದರೆ 0.83. ಅಂದರೆ 25 ಹರ್ಟ್ಜ್‌ವರೆಗೆ ಇಳಿಯಬಲ್ಲ ಡ್ರೈವರ್ ನಿಮ್ಮ ಪೆಟ್ಟಿಗೆಯಲ್ಲಿ 52 ಹರ್ಟ್ಜ್‌ನದಾಗಿದೆ. 0.7ಕ್ಕಿಂತ ಮೇಲಿರುವ 0.83 ಆ ಜಾಗದಲ್ಲೇ ಸ್ವಲ್ಪ ಉಬ್ಬು ಕೊಡುತ್ತದೆ. ಡ್ರಮ್‌ನ ಬಡಿತ ಅಲ್ಲೇ ಇರುವುದರಿಂದ ಅದು ಖುಷಿ ಕೊಡುತ್ತದೆ. ಗುಡುಗು ಇರುವುದು 20ರಿಂದ 35 ಹರ್ಟ್ಜ್‌ನಲ್ಲಿ, ಮತ್ತು 25 ಹರ್ಟ್ಜ್‌ನಲ್ಲಿ ನಿಮ್ಮ ಪೆಟ್ಟಿಗೆ 12 ಡೆಸಿಬೆಲ್ ಕೆಳಗಿದೆ.

‘ಹಾಗಾದರೆ 47 ಲೀಟರ್ ಮಾಡಿಸುತ್ತೇನೆ’ ಎಂದು ಹೊರಡಬೇಡಿ. ಪುಸ್ತಕಗಳು ಸರಿಯೆನ್ನುವ 0.707 ಅಲ್ಲಿ ಬರುತ್ತದೆ ನಿಜ, ಅನುರಣನ 44 ಹರ್ಟ್ಜ್‌ಗೆ ಇಳಿಯುತ್ತದೆ. ಆದರೆ 25 ಹರ್ಟ್ಜ್‌ನಲ್ಲಿ ಆಗಲೂ 10 ಡೆಸಿಬೆಲ್ ಕೊರತೆ. ಒಂದೂವರೆ ಪಟ್ಟು ದೊಡ್ಡ ಪೆಟ್ಟಿಗೆಗೆ ಸಿಕ್ಕಿದ್ದು 2 ಡೆಸಿಬೆಲ್ ಮಾತ್ರ. ಈ ಡ್ರೈವರ್‌ನಿಂದ ಆಳ ಬೇಕಿದ್ದರೆ ದಾರಿ ಎರಡು. ಮುಚ್ಚಿದ ಪೆಟ್ಟಿಗೆಯನ್ನೇ ಇಟ್ಟುಕೊಂಡು ಈಕ್ವಲೈಸರ್‌ನಿಂದ ಕೆಳಗಿನ ಆವರ್ತನಗಳನ್ನು ಎತ್ತುವುದು ಒಂದು. 10 ಡೆಸಿಬೆಲ್ ಎತ್ತಲು 10 ಪಟ್ಟು ವಾಟ್ ಬೇಕು, ಕೋನ್ ಮೂರು ಪಟ್ಟಿಗಿಂತ ಹೆಚ್ಚು ದೂರ ಓಡಬೇಕು. ಅದು ಮೆಲ್ಲಗೆ ಕೇಳುವವರಿಗೆ ಸಾಕು. ಇನ್ನೊಂದು, ಕೊಳವೆಯಿರುವ ದೊಡ್ಡ ಪೆಟ್ಟಿಗೆ. ಅದರ ಗೋಡೆಯಲ್ಲಿ ಹೊರಕ್ಕೆ ಬಾಯಿ ತೆರೆದ ಪೈಪ್ ಇರುತ್ತದೆ; ಆ ಪೈಪಿನೊಳಗಿನ ಗಾಳಿ ಬಲವಾಗಿ ಕಂಪಿಸುವ ಆವರ್ತನವೇ ‘ಟ್ಯೂನಿಂಗ್’. ನಿಮ್ಮ ಅಂಕಿಗಳಿಗೆ ಒಪ್ಪುವುದು 110 ಲೀಟರ್, 24 ಹರ್ಟ್ಜ್ ಟ್ಯೂನಿಂಗ್. 24 ಹರ್ಟ್ಜ್‌ನ ಸುತ್ತಮುತ್ತಲೂ ಅದು ಬರೀ 3 ಡೆಸಿಬೆಲ್ ಇಳಿದಿರುತ್ತದೆ.

ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳವಿರಬೇಕು, ಕಡಿಮೆ ವಾಟ್‌ನಲ್ಲಿ ಜೋರಾಗಿಯೂ ಕೇಳಬೇಕು: ಈ ಮೂರರಲ್ಲಿ ಎರಡನ್ನಷ್ಟೇ ಆರಿಸಿಕೊಳ್ಳಬಹುದು ಎಂಬುದನ್ನು ಲೆಕ್ಕದಲ್ಲಿ ತೋರಿಸಿದವರು ಅಮೆರಿಕದ ಜೆ. ಆಂಟನ್ ಹಾಫ್‌ಮನ್. ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ ‘ಎಚ್’ ಅವರದೇ. ಹಾಳೆಯ ಅಂಕಿಗಳಿಂದ ಪೆಟ್ಟಿಗೆ ಲೆಕ್ಕ ಹಾಕುವ ಕ್ರಮ ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದದ್ದು. ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ವಿಸ್ತರಿಸಿದರು. ವಿನ್‌ಐಎಸ್‌ಡಿ ಎಂಬ ಉಚಿತ ಸಾಫ್ಟ್‌ವೇರ್ ಮಾಡುವುದೂ ಇದೇ ಲೆಕ್ಕವನ್ನು. ಹಲಗೆ ಕತ್ತರಿಸುವ ಮೊದಲು ಅದರಲ್ಲಿ ಅಂಕಿ ತುಂಬಿ, ಕೋನ್ ಎಷ್ಟು ದೂರ ಓಡುತ್ತದೆ ಎಂಬ ಗ್ರಾಫನ್ನು ತಪ್ಪದೆ ನೋಡಿ. ಎಲ್ಲರೂ ಬೇಸ್ ಗೆರೆಯನ್ನು ನೋಡಿ ಸುಮ್ಮನಾಗುತ್ತಾರೆ. ಕೋನ್ ಮಿತಿಮೀರಿ ಓಡಿ ಡ್ರೈವರ್ ಹರಿಯುತ್ತದೆಯೇ ಎಂದು ಹೇಳುವುದು ಈ ಇನ್ನೊಂದು ಗೆರೆ.

ಪ್ರಶ್ನೆ: ಕೊಳವೆಯ ಉದ್ದ ಲೆಕ್ಕ ಹಾಕುವುದು ಹೇಗೆ? 4 ಇಂಚಿನ ಪಿವಿಸಿ ಪೈಪ್ ಮನೆಯಲ್ಲಿದೆ. 110 ಲೀಟರ್, 24 ಹರ್ಟ್ಜ್ ಪೆಟ್ಟಿಗೆಯ ಅಳತೆಗಳನ್ನೂ ಕೊಡಿ. (ಶಿವಮೊಗ್ಗ; ಇದನ್ನೇ ಇನ್ನೂ ಕೆಲವರು ಕೇಳಿದ್ದಾರೆ)

ಸೂತ್ರ ಹೀಗಿದೆ. ಪೈಪಿನ ಒಳವ್ಯಾಸವನ್ನು ಸೆಂಟಿಮೀಟರ್‌ನಲ್ಲಿ ಅಳೆದು ವರ್ಗ ಮಾಡಿ, 23562ರಿಂದ ಗುಣಿಸಿ. ಟ್ಯೂನಿಂಗ್‌ನ ವರ್ಗವನ್ನು ಪೆಟ್ಟಿಗೆಯ ಲೀಟರ್‌ನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಒಳವ್ಯಾಸದ 0.73ರಷ್ಟನ್ನು ಕಳೆಯಿರಿ. ಬಂದದ್ದು ಸೆಂಟಿಮೀಟರ್‌ನಲ್ಲಿ ಕೊಳವೆಯ ಉದ್ದ.

110 ಮಿ.ಮೀ. ಪೈಪ್, ಅಂದರೆ ನಿಮ್ಮ 4 ಇಂಚಿನದು, ಒಳಗೆ ಸುಮಾರು 10.4 ಸೆಂ.ಮೀ. ಇರುತ್ತದೆ. ಲೆಕ್ಕಕ್ಕೆ 33 ಸೆಂ.ಮೀ. ಉದ್ದ ಬರುತ್ತದೆ, ಪೆಟ್ಟಿಗೆಯೊಳಗೆ ಸಲೀಸಾಗಿ ಕೂರುತ್ತದೆ. ಆದರೂ ಬೇಡ. ಟ್ಯೂನಿಂಗ್ ಆವರ್ತನದಲ್ಲಿ ಸದ್ದನ್ನೆಲ್ಲ ಹೊರಡಿಸುವುದು ಕೋನ್ ಅಲ್ಲ, ಕೊಳವೆಯೊಳಗಿನ ಗಾಳಿ. 24 ಹರ್ಟ್ಜ್‌ನಲ್ಲಿ ಒಂದು ಮೀಟರ್ ದೂರಕ್ಕೆ 105 ಡೆಸಿಬೆಲ್ ಬರಬೇಕಿದ್ದರೆ 4 ಇಂಚಿನ ಪೈಪಿನಲ್ಲಿ ಗಾಳಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಿಂದೆ ಮುಂದೆ ಓಡಬೇಕು. 17 ಮೀಟರ್ ದಾಟಿದರೆ ‘ಭುಸ್, ಭುಸ್’ ಎಂಬ ಸದ್ದು ಕಿವಿಗೆ ಸಿಗುತ್ತದೆ. 160 ಮಿ.ಮೀ. ಪೈಪ್ ಹಾಕಿದರೆ ಅದೇ ಸದ್ದಿಗೆ ಗಾಳಿಯ ವೇಗ 10 ಮೀಟರ್‌ಗೂ ಕಡಿಮೆ. ಇದರ ಒಳವ್ಯಾಸ ಸುಮಾರು 15.2 ಸೆಂ.ಮೀ., ಉದ್ದ 75 ಸೆಂ.ಮೀ. ಪೈಪಿನ ದಪ್ಪ ಒಂದೊಂದು ಬಗೆಗೆ ಒಂದೊಂದು ಥರ, ಆದ್ದರಿಂದ ಅಂಗಡಿಯಲ್ಲೇ ಒಳವ್ಯಾಸ ಅಳೆದು ಲೆಕ್ಕ ಮಾಡಿ.

75 ಸೆಂ.ಮೀ. ಪೈಪ್ ನೇರವಾಗಿ ಹಿಡಿಸದು. ಮೋರಿ ನೀರಿಗೆ ಬಳಸುವ ಎಸ್‌ಡಬ್ಲ್ಯುಆರ್ ಪೈಪಿನ 90 ಡಿಗ್ರಿ ಬೆಂಡ್ ಹಾಕಿ ತಿರುಗಿಸಿ. ಪೆಟ್ಟಿಗೆಯ ಒಳ ಅಳತೆ ಅಗಲ 40, ಆಳ 45, ಎತ್ತರ 75 ಸೆಂ.ಮೀ. ಇರಲಿ. ಅದು 135 ಲೀಟರ್. ಅದರಲ್ಲಿ ಪೈಪ್ ತಿನ್ನುವ ಜಾಗ ಸುಮಾರು 15 ಲೀಟರ್, ಡ್ರೈವರ್‌ಗೆ 4, ಒಳಗಿನ ಆಧಾರ ಹಲಗೆ ಮತ್ತು ಮೂಲೆ ರೀಪುಗಳಿಗೆ 6. ಉಳಿದದ್ದು 110. ಈ ಕಳೆಯುವ ಲೆಕ್ಕವನ್ನು ಮರೆತು 110 ಲೀಟರಿನ ಪೆಟ್ಟಿಗೆ ಮಾಡಿಸಿ, ಕೊನೆಗೆ 85 ಲೀಟರ್‌ಗೆ ಬಂದು ನಿಲ್ಲುವವರು ಬಹಳ ಜನ.

18 ಮಿ.ಮೀ. ಹಲಗೆಗೆ ಕತ್ತರಿಸುವ ಅಳತೆ: ಪಕ್ಕದವು 2, 45 × 75 ಸೆಂ.ಮೀ. ಮೇಲೆ ಕೆಳಗೆ 2, 43.6 × 45. ಮುಂದಕ್ಕೆ 2, ಹಿಂದಕ್ಕೆ 1, ಮೂರೂ 43.6 × 78.6. ಮುಂದಿನ ಎರಡನ್ನೂ ಒಂದರ ಮೇಲೊಂದು ಅಂಟಿಸಿ 36 ಮಿ.ಮೀ. ಮಾಡಿ, ಡ್ರೈವರ್‌ನ ಭಾರ ಮತ್ತು ಒದೆತ ಎರಡೂ ಅಲ್ಲಿಗೇ ಬೀಳುತ್ತವೆ. ಎಲ್ಲವೂ 8 × 4 ಅಡಿಯ ಒಂದೇ ಶೀಟಿನಲ್ಲಿ ಬರುತ್ತವೆ. ಮೂರು ದೊಡ್ಡ ತುಂಡುಗಳನ್ನು ಶೀಟಿನ ಉದ್ದಕ್ಕೆ ಒಂದೇ ಸಾಲಿನಲ್ಲಿ ತೆಗೆದರೆ ಪಕ್ಕದ ಪಟ್ಟಿಯಲ್ಲಿ ಉಳಿದವು ಹಿಡಿಸುತ್ತವೆ, 40 × 45ರ ಒಂದು ಆಧಾರ ಹಲಗೆಗೂ ಜಾಗ ಉಳಿಯುತ್ತದೆ.

ಆ ಆಧಾರ ಹಲಗೆಯಲ್ಲಿ ಕಿಟಕಿಗಳಂತೆ ತೂತು ತೆಗೆದು, ಪೆಟ್ಟಿಗೆಯೊಳಗೆ ತಳದಿಂದ 30 ಸೆಂ.ಮೀ. ಎತ್ತರದಲ್ಲಿ ಅಡ್ಡಲಾಗಿ ಕೂರಿಸಿ. ನಾಲ್ಕು ಗೋಡೆಗಳನ್ನೂ ಅದು ಹಿಡಿದಿಡುತ್ತದೆ. ಪೈಪ್ ಹಾದುಹೋಗಲು ಅದರಲ್ಲೇ ಒಂದು ಗುಂಡು ತೂತು ಕೊರೆದರೆ ಪೈಪಿಗೂ ಆಸರೆ ಸಿಗುತ್ತದೆ. ಪೈಪಿನ ಬಾಯಿ ಮುಂದಿನ ಹಲಗೆಯ ಕೆಳಭಾಗದಲ್ಲಿ, ನಡುಬಿಂದು ಒಳತಳದಿಂದ 12 ಸೆಂ.ಮೀ. ಎತ್ತರದಲ್ಲಿ. ಒಳಕ್ಕೆ ಸುಮಾರು 27 ಸೆಂ.ಮೀ. ಹೋಗಿ ಮೇಲಕ್ಕೆ ತಿರುಗಲಿ. ಉದ್ದವನ್ನು ಪೈಪಿನ ನಡುಗೆರೆಯ ಮೇಲೆ ಅಳೆಯಬೇಕು, ಹಲಗೆಯ ದಪ್ಪವೂ ಅದರೊಳಗೆ ಸೇರಿತು. ಮೇಲಿನ ತುದಿಗೂ ಮುಚ್ಚಳಕ್ಕೂ ನಡುವೆ ಕನಿಷ್ಠ ಪೈಪಿನ ವ್ಯಾಸದಷ್ಟು, ಅಂದರೆ 15 ಸೆಂ.ಮೀ. ಬಿಡಿ. ಈ ಅಳತೆಯಲ್ಲಿ ಸುಮಾರು 17 ಉಳಿಯುತ್ತದೆ. ಡ್ರೈವರ್‌ನ ನಡುಬಿಂದು ತಳದಿಂದ 50 ಸೆಂ.ಮೀ. ಮೇಲೆ. ಅದರ ಅಯಸ್ಕಾಂತದ ಹಿಂದೆ ಗಾಳಿಯಾಡುವ ತೂತಿದ್ದರೆ ಪೈಪ್ ಅದರಿಂದ 5 ಸೆಂ.ಮೀ. ಆದರೂ ದೂರವಿರಲಿ.

ಬಡಗಿ ಮಿಲಿಮೀಟರ್ ಲೆಕ್ಕದಲ್ಲಿ ಪೈಪ್ ಕತ್ತರಿಸಲಿಲ್ಲ ಎಂದು ಕೊರಗಬೇಡಿ. ಉದ್ದದಲ್ಲಿ 5 ಸೆಂ.ಮೀ. ಹೆಚ್ಚುಕಡಿಮೆಯಾದರೂ ಟ್ಯೂನಿಂಗ್ ಸರಿಯುವುದು ಸುಮಾರು 0.7 ಹರ್ಟ್ಜ್. ಹೀಗಿದ್ದರೂ ಒಮ್ಮೆ ಪರೀಕ್ಷೆ ಮಾಡಿ. ಹಿಂಬದಿ ಹಲಗೆಯನ್ನು ಮೊದಲಿಗೆ ಅಂಟಿಸದೆ ಫೋಮ್ ಟೇಪ್ ಇಟ್ಟು ಸ್ಕ್ರೂನಿಂದ ಬಿಗಿಯಿರಿ. ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ ಆಂಪ್ಲಿಫೈಯರ್‌ಗೆ ಮೆಲ್ಲನೆಯ ಸದ್ದು ಕೊಟ್ಟು, 35 ಹರ್ಟ್ಜ್‌ನಿಂದ ಒಂದೊಂದೇ ಹರ್ಟ್ಜ್ ಇಳಿಸುತ್ತ ಬನ್ನಿ. ಕೋನ್ ಮೇಲೆ ಚಿಕ್ಕ ಬಿಳಿ ಸ್ಟಿಕ್ಕರ್ ಅಂಟಿಸಿ ಟಾರ್ಚ್ ಬಿಟ್ಟು ನೋಡಿ. ಕೋನ್ ಹೆಚ್ಚುಕಡಿಮೆ ನಿಂತೇಬಿಟ್ಟಂತೆ ಕಾಣುವ ಆವರ್ತನವೇ ನಿಮ್ಮ ಟ್ಯೂನಿಂಗ್. ಅದು 24ಕ್ಕಿಂತ ಮೇಲಿದ್ದರೆ ಪೈಪ್ ಉದ್ದ ಮಾಡಬೇಕು, ಕೆಳಗಿದ್ದರೆ ಕತ್ತರಿಸಬೇಕು. ಹಾಗಾಗಿ ಮೊದಲಿಗೆ ಪೈಪನ್ನು 3–4 ಸೆಂ.ಮೀ. ಉದ್ದವಾಗಿಯೇ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಮೇಲಿನದೆಲ್ಲ ವ್ಯರ್ಥ. ಟ್ಯೂನಿಂಗ್‌ನಿಂದ ಕೆಳಗಿನ ಆವರ್ತನ ಬಂದಾಗ ಕೊಳವೆಯ ಪೆಟ್ಟಿಗೆಯೊಳಗಿನ ಗಾಳಿ ಕೋನನ್ನು ತಡೆಯುವುದಿಲ್ಲ. ಪೆಟ್ಟಿಗೆಯೇ ಇಲ್ಲವೇನೋ ಎಂಬಂತೆ ಕೋನ್ ಓಡಾಡಿ, ಅದರ ಹಿಂದಿನ ತಂತಿಸುರುಳಿ (ಕಾಯಿಲ್) ತಳಕ್ಕೆ ಬಡಿದು ‘ಟಕ್’ ಎನ್ನುತ್ತದೆ. ಸಿನಿಮಾದ ಎಲ್‌ಎಫ್‌ಇ (ಆಳದ ಬೇಸ್‌ಗೆಂದೇ ಮೀಸಲಾದ) ಧ್ವನಿಯಲ್ಲಿ 20 ಹರ್ಟ್ಜ್‌ಗಿಂತ ಕೆಳಗಿನವೂ ಇರುತ್ತವೆ. ಆದ್ದರಿಂದ 20 ಹರ್ಟ್ಜ್ ಸುಮಾರಿಗೆ, ಆಕ್ಟೇವ್‌ಗೆ (ಆವರ್ತನ ಅರ್ಧಕ್ಕೆ ಇಳಿದಾಗಲೆಲ್ಲ) 24 ಡೆಸಿಬೆಲ್‌ನಂತೆ ಕತ್ತರಿಸುವ ಸಬ್‌ಸಾನಿಕ್ ಫಿಲ್ಟರ್ ಬೇಕೇ ಬೇಕು. ಅಗ್ಗದ ಆಂಪ್ಲಿಫೈಯರ್‌ಗಳಲ್ಲಿ ಅದು ಇರುವುದಿಲ್ಲ, ಕೊಳ್ಳುವಾಗಲೇ ಕೇಳಿ. ಇಲ್ಲದಿದ್ದರೆ ಮಿನಿಡಿಎಸ್‌ಪಿಯಂಥ, ಧ್ವನಿಯನ್ನು ತಿದ್ದುವ ಉಪಕರಣದಲ್ಲಿ ಹಾಕಿಕೊಳ್ಳಬಹುದು.

ಪ್ರಶ್ನೆ: ಕಾರಿಗೆಂದು ಮಾರುವ 12 ಇಂಚಿನ ಸಬ್‌ವೂಫರ್ ಅಗ್ಗಕ್ಕೆ ಸಿಗುತ್ತಿದೆ. ಇದೇ ಪೆಟ್ಟಿಗೆಗೆ ಹಾಕಬಹುದೆ? (ಹುಬ್ಬಳ್ಳಿ)

ಹಾಳೆ ನೋಡದೆ ಬೇಡ. ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ (ಹಾಳೆಯಲ್ಲಿರುವ ಇನ್ನೊಂದು ಅಂಕಿ, ಕಾಯಿಲ್ ಮತ್ತು ಅಯಸ್ಕಾಂತ ಹಾಕುವ ಕಡಿವಾಣದ್ದು) ಭಾಗಿಸಿ. ಬಂದದ್ದು 50ರ ಆಸುಪಾಸು ಅಥವಾ ಕಡಿಮೆಯಿದ್ದರೆ ಆ ಡ್ರೈವರ್ ಮುಚ್ಚಿದ ಪೆಟ್ಟಿಗೆಗೆ, 100ರ ಹತ್ತಿರವಿದ್ದರೆ ಕೊಳವೆಗೆ. ನಡುವೆ ಇದ್ದರೆ ಎರಡನ್ನೂ ಲೆಕ್ಕ ಹಾಕಿ ನೋಡಬೇಕು. ಕಾರಿನವು ಎಷ್ಟೋ ಸಲ ಕ್ಯೂಟಿಎಸ್ 0.5ಕ್ಕಿಂತ ಮೇಲಿರುತ್ತವೆ, ಕೊಳವೆ ಹಾಕಿದರೆ ಟ್ಯೂನಿಂಗ್‌ನ ಮೇಲ್ಭಾಗದಲ್ಲಿ ಉಬ್ಬಿ ಗುಂಯ್‌ಗುಡುತ್ತವೆ. ಕಾರಿನೊಳಗಿನ ಚಿಕ್ಕ ಜಾಗವೇ ಕೆಳಗಿನ ಬೇಸನ್ನು ಎತ್ತಿಕೊಡುತ್ತದೆ ಎಂಬ ಭರವಸೆಯ ಮೇಲೆ ಅವನ್ನು ರೂಪಿಸಿರುತ್ತಾರೆ. ಹಾಲ್‌ನಲ್ಲಿ ಅಷ್ಟು ಸಹಾಯ ಸಿಗದು. ಹಾಳೆಯೇ ಇಲ್ಲದ ಡ್ರೈವರನ್ನು ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ. ಎರಡು ಕಾಯಿಲ್‌ನದಾದರೆ ಜೋಡಿಸುವ ಮುಂಚೆ ಓಮ್ ಲೆಕ್ಕ ನೋಡಿ: 4 ಓಮ್‌ನ ಎರಡನ್ನು ಸಾಲಾಗಿ ಜೋಡಿಸಿದರೆ 8, ಸಮಾನಾಂತರವಾಗಿ ಜೋಡಿಸಿದರೆ 2. ಮನೆಯ ಆಂಪ್ಲಿಫೈಯರ್‌ಗಳಲ್ಲಿ ಹೆಚ್ಚಿನವು 2 ಓಮ್ ತಾಳವು.

ಪ್ರಶ್ನೆ: 8 ಇಂಚಿನ ಒಂದೇ ಡ್ರೈವರ್‌ನಿಂದ 20 ಹರ್ಟ್ಜ್ ಬರಿಸಲು ಎಂಥ ಪೆಟ್ಟಿಗೆ ಬೇಕು? (ಮೈಸೂರು)

20 ಹರ್ಟ್ಜ್ ‘ಬರುವುದು’ ಕಷ್ಟವಲ್ಲ, ಕೇಳುವಷ್ಟು ಜೋರಾಗಿ ಬರುವುದು ಕಷ್ಟ. ಆವರ್ತನ ಅರ್ಧಕ್ಕೆ ಇಳಿದರೆ ಅಷ್ಟೇ ಸದ್ದಿಗೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ 20 ಹರ್ಟ್ಜ್‌ಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಬೇಕೆಂದರೆ ಕೋನ್ ಒಂದು ದಿಕ್ಕಿಗೆ ಸುಮಾರು 0.94 ಲೀಟರ್ ಗಾಳಿ ತಳ್ಳಬೇಕು. 8 ಇಂಚಿನ ಕೋನ್‌ನ ವಿಸ್ತೀರ್ಣ ಸುಮಾರು 215 ಚದರ ಸೆಂ.ಮೀ.; 8 ಮಿ.ಮೀ. ಓಡಿದರೆ 0.17 ಲೀಟರ್. ಅಂದರೆ 85 ಡೆಸಿಬೆಲ್‌ಗೆ ನಿಂತಿತು. 20 ಹರ್ಟ್ಜ್‌ನ 85 ಡೆಸಿಬೆಲ್ ಕಿವಿಗೆ ತಾಕುವುದೇ ಕಷ್ಟ. 12 ಮಿ.ಮೀ. ಓಡುವ 12 ಇಂಚಿನದು 96ಕ್ಕೆ ಮುಟ್ಟುತ್ತದೆ. 8 ಇಂಚಿನದನ್ನು 32–35 ಹರ್ಟ್ಜ್‌ಗೆ ಟ್ಯೂನ್ ಮಾಡಿ, ಅದು ಚೆನ್ನಾಗಿ ಮಾಡುವ ಕೆಲಸವನ್ನು ಮಾಡಲು ಬಿಡಿ.

ಪ್ರಶ್ನೆ: ಎಂಡಿಎಫ್ ಒಳ್ಳೆಯದೋ ಪ್ಲೈವುಡ್ಡೋ? ಒಳಗೆ ಹತ್ತಿ ತುಂಬಬೇಕೆ? (ಉಡುಪಿ)

ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ಸದ್ದಿನ ಲೆಕ್ಕದಲ್ಲಿ ಎರಡೂ ಸರಿ. ನಿಮ್ಮ ಕರಾವಳಿಯಲ್ಲಿ ಮಾತ್ರ ಪ್ಲೈವುಡ್ಡೇ ಆಗಲಿ, ಅದೂ ಬಿಡಬ್ಲ್ಯುಪಿ (ಕುದಿನೀರಿಗೂ ಜಗ್ಗದ) ದರ್ಜೆಯದು. ಮಳೆಗಾಲದ ತೇವಕ್ಕೆ ಎಂಡಿಎಫ್‌ನ ಕತ್ತರಿಸಿದ ಅಂಚು ಉಬ್ಬಿ, ಕೀಲು ಬಿಟ್ಟು, ಗಾಳಿ ಸೋರತೊಡಗುತ್ತದೆ. ಎಂಡಿಎಫ್ ಆಗಲೇ ತಂದಿದ್ದರೆ ಒಳಗೂ ಹೊರಗೂ, ಡ್ರೈವರ್ ತೂತಿನ ಅಂಚಿಗೂ ಎರಡು ಕೈ ಸೀಲರ್ ಹೊಡೆಯಿರಿ. ಪ್ಲೈವುಡ್ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಿ. ಪದರಗಳ ನಡುವೆ ಟೊಳ್ಳಿದ್ದರೆ ಅಲ್ಲಿ ಸದ್ದು ಬದಲಾಗುತ್ತದೆ, ಅಂಥದ್ದು ಮುಂದೆ ಗರಗರ ಎನ್ನುತ್ತದೆ.

ಮುಚ್ಚಿದ ಪೆಟ್ಟಿಗೆಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಬಿಡಿಸಿ ಸಡಿಲವಾಗಿ ತುಂಬಿದರೆ ಪೆಟ್ಟಿಗೆ ಶೇ. 10–20ರಷ್ಟು ದೊಡ್ಡದಾದಂತೆ ವರ್ತಿಸುತ್ತದೆ. ಅದುಮಿ ತುಂಬಿದರೆ ಲಾಭ ಹೋಗುತ್ತದೆ. ಬೂರುಗದ ಹತ್ತಿ ಬೇಡವೇ ಬೇಡ, ಅದರ ಎಳೆ ಹಾರಿ ಕಾಯಿಲ್‌ನ ಸಂದಿಗೆ ಸೇರುತ್ತದೆ. ಕೊಳವೆಯ ಪೆಟ್ಟಿಗೆಯಾದರೆ ಗೋಡೆಗಳಿಗೆ ಒಂದು ಅಂಗುಲದ ಪದರ ಅಂಟಿಸಿದರೆ ಸಾಕು. ಪೈಪಿನ ಬಾಯಿಯ ಹತ್ತಿರ ಏನೂ ಇರಕೂಡದು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್‌ನ ಕೋಣೆ 10 × 12 ಅಡಿ. ಸೋಫಾದ ಮೇಲೆ ಬೇಸ್ ಇಲ್ಲವೇ ಇಲ್ಲ, ಬಾಗಿಲ ಬಳಿ ನಿಂತರೆ ಎದೆ ನಡುಗುತ್ತದೆ. ಪೆಟ್ಟಿಗೆ ಬದಲಿಸಲೆ? (ಬೆಂಗಳೂರು)

ಪೆಟ್ಟಿಗೆಯಲ್ಲಿ ತಪ್ಪಿಲ್ಲ. 12 ಅಡಿ ಅಂತರದ ಎರಡು ಗೋಡೆಗಳ ನಡುವೆ 47 ಹರ್ಟ್ಜ್‌ನ ಅಲೆ ನಿಂತುಬಿಡುತ್ತದೆ, 10 ಅಡಿಗೆ 56 ಹರ್ಟ್ಜ್. (343ನ್ನು ಮೀಟರ್‌ನಲ್ಲಿ ಅಳೆದ ಉದ್ದದ ಎರಡರಷ್ಟರಿಂದ ಭಾಗಿಸಿದರೆ ನಿಮ್ಮ ಕೋಣೆಯ ಅಂಕಿ ಸಿಗುತ್ತದೆ.) ಗೋಡೆಯ ಬಳಿ ಆ ಸದ್ದು ತುಂಬಾ ಜೋರು, ನಟ್ಟನಡುವೆ ಶೂನ್ಯ. ನಿಮ್ಮ ಸೋಫಾ ಬಹುಶಃ ನಡುವೆಯೇ ಇದೆ. ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಬೇಸನ್ನು ಹೊರಹೋಗಗೊಡದೆ ವಾಪಸು ಕಳಿಸುವುದರಿಂದ ನಮ್ಮ ಮನೆಗಳಲ್ಲಿ ಈ ಏರಿಳಿತ ಬಲು ತೀಕ್ಷ್ಣ.

ಮೊದಲು ಖರ್ಚಿಲ್ಲದ ಕೆಲಸ. ಸಬ್‌ವೂಫರನ್ನು ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲೇ ಇಡಿ. 30ರಿಂದ 80 ಹರ್ಟ್ಜ್‌ವರೆಗಿನ ಟೋನ್ ಹಾಕಿ, ಗೋಡೆಗುಂಟ ಅಂಬೆಗಾಲಿಟ್ಟು ಕೇಳುತ್ತ ಹೋಗಿ. ಎಲ್ಲ ಟೋನ್‌ಗಳೂ ಹೆಚ್ಚುಕಡಿಮೆ ಸಮನಾಗಿ ಕೇಳಿದ ಜಾಗವೇ ಸಬ್‌ವೂಫರ್‌ನ ಜಾಗ. ಸೋಫಾವನ್ನು ಒಂದೆರಡು ಅಡಿ ಹಿಂದೆ ಸರಿಸಿದರೂ ಬಹಳ ವ್ಯತ್ಯಾಸವಾಗುತ್ತದೆ. ಮೈಕ್ ಇದ್ದರೆ ಆರ್‌ಇಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಅಳೆಯಿರಿ. ಉಬ್ಬುಗಳನ್ನು ಈಕ್ವಲೈಸರ್‌ನಿಂದ ತಗ್ಗಿಸಬಹುದು. ಸದ್ದು ಕುಸಿದಿರುವ ಕಡೆಗಳನ್ನು ಎತ್ತಲು ಹೋಗಬೇಡಿ, ವಾಟ್ ಸುರಿದಷ್ಟೂ ಅಲ್ಲಿ ಅಲೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ.

ನಿಮ್ಮಷ್ಟು ಚಿಕ್ಕ ಕೋಣೆಗೆ ನಾವು ಮುಚ್ಚಿದ ಪೆಟ್ಟಿಗೆಯನ್ನೇ ಹೇಳುತ್ತೇವೆ. ಬಾಗಿಲು ಕಿಟಕಿ ಮುಚ್ಚಿದಾಗ 47 ಹರ್ಟ್ಜ್‌ನಿಂದ ಕೆಳಗೆ ಕೋಣೆಯೇ ಸದ್ದನ್ನು ಎತ್ತಿಕೊಡುತ್ತದೆ. ಮುಚ್ಚಿದ ಪೆಟ್ಟಿಗೆ ಇಳಿಯುವುದು ಆಕ್ಟೇವ್‌ಗೆ 12 ಡೆಸಿಬೆಲ್‌ನಂತೆ ಮೆಲ್ಲಗೆ, ಆದ್ದರಿಂದ ಕೋಣೆಯ ಏರಿಕೆ ಅದರ ಇಳಿಕೆಯನ್ನು ಸಾಕಷ್ಟು ತುಂಬುತ್ತದೆ. ಅದೇ ಕೋಣೆಯಲ್ಲಿ 24 ಹರ್ಟ್ಜ್‌ನ ಕೊಳವೆ ಪೆಟ್ಟಿಗೆ ಅತಿಯಾಗಿ ಗುಂಯ್‌ಗುಡಬಹುದು. ಅಡುಗೆಮನೆ, ಊಟದ ಜಾಗ ಸೇರಿದ ದೊಡ್ಡ ಹಾಲ್‌ಗೆ ಈ ಸಹಾಯ ಸಿಗದು, ಅಲ್ಲಿ ಕೊಳವೆಯೇ ಸರಿ. ಕೆಳಮನೆಯವರ ವಿಷಯ: ಪೆಟ್ಟಿಗೆಯಡಿ ರಬ್ಬರ್ ಇಟ್ಟರೆ ನೆಲದ ಅದುರು ತಗ್ಗುತ್ತದೆ, ಗಾಳಿಯ ಮೂಲಕ ಹೋಗುವ 30 ಹರ್ಟ್ಜ್ ತಗ್ಗದು. ರಾತ್ರಿ ಮಟ್ಟವನ್ನೇ ಇಳಿಸಬೇಕು.

ಪ್ರಶ್ನೆ: ಹೊಸ ಪೆಟ್ಟಿಗೆಯಿಂದ ಸಿಳ್ಳೆಯಂಥ ಸದ್ದು, ಜೊತೆಗೆ ಒಂದೇ ಸಮನೆ ‘ಹಂ’ ಎನ್ನುವ ಗುಂಗು. (ತುಮಕೂರು)

ಎರಡೂ ಬೇರೆ ಬೇರೆ ರೋಗ. ಸಿಳ್ಳೆ ಗಾಳಿ ಸೋರುವುದರಿಂದ. 30 ಹರ್ಟ್ಜ್ ಟೋನ್ ಹಾಕಿ, ಹೊತ್ತಿಸಿದ ಊದುಬತ್ತಿಯನ್ನು ಕೀಲುಗಳ ಉದ್ದಕ್ಕೂ, ತಂತಿ ಜೋಡಿಸುವ ಟರ್ಮಿನಲ್ ಸುತ್ತ, ಡ್ರೈವರ್ ಅಂಚಿಗೆ ಹಿಡಿಯಿರಿ. ಕೋನ್‌ನಿಂದ ಮಾತ್ರ ದೂರವಿರಲಿ. ಹೊಗೆ ನಡುಗುವ ಕಡೆ ಸೋರಿಕೆಯಿದೆ. ಕೀಲಿಗೆ ಫೆವಿಕಾಲ್‌ನಲ್ಲಿ ಕಲಸಿದ ಮರದ ಹೊಟ್ಟು, ಟರ್ಮಿನಲ್‌ಗೆ ಸಿಲಿಕೋನ್, ಡ್ರೈವರ್ ಅಡಿಗೆ ಫೋಮ್ ಟೇಪ್. ಸಿಲಿಕೋನ್ ಹಚ್ಚಿದರೆ ಒಂದು ದಿನ ಒಣಗಿಸಿಯೇ ಡ್ರೈವರ್ ಕೂರಿಸಿ. ಮರದ ಸ್ಕ್ರೂ ಎರಡು ಸಲ ಬಿಚ್ಚಿದರೆ ಹಿಡಿತ ಕಳೆದುಕೊಳ್ಳುತ್ತದೆ, ಅದಕ್ಕೆ ಟೀ-ನಟ್ (ಹಲಗೆಗೆ ಕಚ್ಚಿ ಕೂರುವ ನಟ್) ಮತ್ತು ಬೋಲ್ಟ್ ಹಾಕಿ.

‘ಹಂ’ ಬರುವುದು ಹೆಚ್ಚಾಗಿ ಎರಡು ದಾರಿಯ ಅರ್ಥಿಂಗ್‌ನಿಂದ. ಟಿವಿಗೆ ಬರುವ ಕೇಬಲ್ ಅಥವಾ ಡಿಶ್‌ನ ವೈರನ್ನು ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಅದೇ. ಆ ವೈರಿನ ದಾರಿಯಲ್ಲಿ ಐಸೊಲೇಟರ್ (ಅರ್ಥ್‌ನ ಎರಡನೇ ದಾರಿಯನ್ನು ಕಡಿಯುವ ಸಾಧನ) ಹಾಕಬೇಕು. ನಿಲ್ಲದಿದ್ದರೆ ಟಿವಿ, ರಿಸೀವರ್, ಸಬ್‌ವೂಫರ್ ಮೂರನ್ನೂ ಒಂದೇ ಪ್ಲಗ್ ಪಾಯಿಂಟ್‌ನಿಂದ ಕೊಟ್ಟು ನೋಡಿ. ಸದ್ದು ನಿಲ್ಲಿಸಲು ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ಒಳಗೆ ವೈರ್ ಬಿಟ್ಟ ದಿನ ಆಂಪ್ಲಿಫೈಯರ್‌ನ ಲೋಹದ ಹಲಗೆಗೆ 230 ವೋಲ್ಟ್ ಬರುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡಿದ್ದರೆ ಇವತ್ತೇ ಪ್ಲಗ್ ಬದಲಿಸಿ.